ತಡೆ ಹಾಕಿದವರು ಲೆಕ್ಕ ಕೊಡಲಿ

ನನ್ನ ಮೂರು ಗಾಲಿಯ ಸೈಕಲ್ಲಿನ ಅಗಲ 76 ಸೆಂಟಿಮೀಟರ್. ಬ್ರಿಟನ್ನಿನಲ್ಲಿ ಅಂಗವಿಕಲರು ರಸ್ತೆಗೆ ಇಳಿಸಬಹುದಾದ ಬ್ಯಾಟರಿ ಸ್ಕೂಟರ್ ಕಾನೂನಿನ ಪ್ರಕಾರ 85 ಸೆಂ.ಮೀ. ತನಕ ಅಗಲ ಇರಬಹುದು. ಮಣ್ಣುದಾರಿಯಲ್ಲಿ ಓಡಿಸುವ ಮೋಟಾರ್‌ಬೈಕಿನ ಹ್ಯಾಂಡಲ್ಲು 80ರ ಆಸುಪಾಸು. ಮೂರನೆಯದನ್ನು ತಡೆದು ಮೊದಲಿನ ಎರಡನ್ನು ಒಳಗೆ ಬಿಡುವಂಥ ಕಬ್ಬಿಣದ ಚೌಕಟ್ಟನ್ನು ಯಾವ ಕಮ್ಮಾರ ತಾನೇ ಮಾಡಿಕೊಟ್ಟಾನು? ಆದರೂ ಅಂಥದ್ದು ಸಾಧ್ಯ ಎಂದು ನಂಬಿ ಈ ದೇಶ ತನ್ನ ಸೈಕಲ್ ದಾರಿಗಳ ಮೇಲೆ ಸಾವಿರಾರು ತಡೆಗಳನ್ನು ನೆಟ್ಟು ಕೂತಿದೆ. ಅವನ್ನು ಕೀಳಿಸಲು ಊರೂರಲ್ಲಿ ಜನ ಗುಂಪು ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಅಂಥದ್ದೊಂದು ಗುಂಪಿನಲ್ಲಿ ನಾನೂ ಇದ್ದೇನೆ.

ನಾನು ಧಾರವಾಡದವಳು. ಮದುವೆಯಾದ ಮೇಲೆ ಮ್ಯಾಂಚೆಸ್ಟರ್ ಸುತ್ತಲಿನ ಸಣ್ಣ ಊರೊಂದಕ್ಕೆ ಬಂದು ಇಲ್ಲಿಯೇ ನೆಲೆ ನಿಂತೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ. ನಲವತ್ತರ ಹೊತ್ತಿಗೆ ರುಮಟಾಯ್ಡ್ ಸಂಧಿವಾತ ಹಿಡಿಯಿತು. ಮಂಡಿ, ಹಿಮ್ಮಡಿ, ಬೆರಳಿನ ಗೆಣ್ಣು, ಯಾವುದು ಯಾವ ದಿನ ಮುನಿಸಿಕೊಳ್ಳುತ್ತದೋ ಹೇಳಲಾಗದು. ಕೋಲೂರಿಕೊಂಡು ಬಸ್ ನಿಲ್ದಾಣದವರೆಗೆ ಹೋಗುವಷ್ಟರಲ್ಲಿ ಸಾಕುಸಾಕಾಗುತ್ತದೆ. ಸೈಕಲ್ ಮೇಲೆ ಕೂತರೆ ಹಾಗಲ್ಲ. ಮೈಭಾರವನ್ನು ಸೀಟು ಹೊರುತ್ತದೆ, ಹೆಜ್ಜೆಹೆಜ್ಜೆಗೂ ನೆಲ ಮಂಡಿಗೆ ಗುದ್ದುವುದಿಲ್ಲ, ಮೂರು ಗಾಲಿ ಇರುವುದರಿಂದ ಆಯ ತಪ್ಪುವ ಭಯವಿಲ್ಲ, ಏರು ಬಂದರೆ ಬ್ಯಾಟರಿ ನೆರವಿಗೆ ಬರುತ್ತದೆ. ನಡೆಯಲಾಗದವಳು ಸೈಕಲ್ ಹೇಗೆ ತುಳಿಯುತ್ತೀ ಎಂದು ಊರಿಗೆ ಬಂದಾಗ ಅತ್ತಿಗೆ, ನಾದಿನಿ ಎಲ್ಲರೂ ಕೇಳುತ್ತಾರೆ. ಇಲ್ಲಿಯವರೂ ಕೇಳುತ್ತಾರೆ. ತಡೆ ನೆಟ್ಟವರ ತಲೆಯಲ್ಲಿದ್ದ ಸೈಕಲ್ ಸವಾರನೂ ಗಟ್ಟಿಮುಟ್ಟಾದವನೇ: ಬೇಕಾದರೆ ಇಳಿಯುತ್ತಾನೆ, ಸೈಕಲ್ಲನ್ನು ಓರೆ ಮಾಡುತ್ತಾನೆ, ಎತ್ತಿ ಆಚೆ ಇಡುತ್ತಾನೆ. ನನ್ನ ಸೈಕಲ್ಲನ್ನು ಬ್ಯಾಟರಿ ಸಮೇತ ಎತ್ತಲು ಗಟ್ಟಿ ಆಳುಗಳಿಬ್ಬರು ಬೇಕು.

ನಾನು ಕೆಲಸಕ್ಕೆ ಹೋಗುವ ದಾರಿ ಒಂದು ಕಾಲಕ್ಕೆ ರೈಲುಹಾದಿ. ಬ್ರಿಟಿಷ್ ರೈಲ್ವೆಯ ಅಧ್ಯಕ್ಷರಾಗಿದ್ದ ರಿಚರ್ಡ್ ಬೀಚಿಂಗ್ 1963ರಲ್ಲಿ ಕೊಟ್ಟ ವರದಿಯ ಬೆನ್ನಿಗೆ ಇಲ್ಲಿ ಸಾವಿರಾರು ಮೈಲಿ ರೈಲುಮಾರ್ಗ ಮುಚ್ಚಿಹೋಯಿತು. ಹಳಿ ಕಿತ್ತ ಮೇಲೂ ಮಣ್ಣಿನ ಏರಿ, ಕಲ್ಲಿನ ಸೇತುವೆ, ಸುರಂಗ ಉಳಿದುಕೊಂಡವು. ರೈಲಿಗಾಗಿ ಹಾಕಿದ ದಾರಿಯಾದ್ದರಿಂದ ಕಡಿದಾದ ಏರಿಳಿತವಿಲ್ಲ, ಊರಿನ ನಡುವಿನಿಂದಲೇ ಹಾದುಹೋಗುತ್ತದೆ, ಕಾರುಗಳ ಕಾಟವಿಲ್ಲ. ಸಂಧಿವಾತದವಳಿಗೆ ಇದಕ್ಕಿಂತ ಒಳ್ಳೆಯ ರಸ್ತೆಯನ್ನು ಬೇಕೆಂದೇ ಕಟ್ಟಿಸಿದರೂ ಸಿಗದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲ್ಯಾಂಕಾಶೈರಿನ ಗಿರಣಿಗಳು ಹತ್ತಿಗಾಗಿ ಬಾಯಿಬಿಟ್ಟು ಕೂತಿದ್ದಾಗ ನಮ್ಮ ಧಾರವಾಡ ಸೀಮೆಯ ಅರಳೆಯೂ ಇತ್ತ ಬಂದಿತ್ತು. ಅದರ ಒಂದೆರಡು ಅಂಡಿಗೆ ಈ ಸೀಮೆಯ ರೈಲುಗಳಲ್ಲಿ ಸಾಗಿದ್ದರೂ ಸಾಗಿರಬಹುದು ಎಂದು ಸುಮ್ಮನೆ ಲೆಕ್ಕ ಹಾಕುತ್ತ ಪೆಡಲ್ ತುಳಿಯುತ್ತೇನೆ.

ಪಾಳುಬಿದ್ದ ರೈಲುಹಾದಿಗಳನ್ನು ಸೈಕಲ್ ದಾರಿ ಮಾಡಬಹುದೆಂದು ಮೊದಲಿಗೆ ಹಟ ಹಿಡಿದು ಹೊರಟವರಲ್ಲಿ 1977ರಲ್ಲಿ ಬ್ರಿಸ್ಟಲ್ಲಿನಲ್ಲಿ ಹುಟ್ಟಿದ ಒಂದು ಗುಂಪು ಮುಖ್ಯವಾದದ್ದು. ಬ್ರಿಸ್ಟಲ್‌ನಿಂದ ಬಾತ್‌ಗೆ ಹೋಗುವ ಹಳೆಯ ಮಾರ್ಗವನ್ನು ಸ್ವಯಂಸೇವಕರು ಗುದ್ದಲಿ ಹಿಡಿದು ಸರಿಪಡಿಸಿದರು. ಅದೇ ಗುಂಪು ಮುಂದೆ ಸಸ್ಟ್ರಾನ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. 2025ರಲ್ಲಿ ಹೆಸರು ಬದಲಿಸಿ ವಾಕ್ ವ್ಹೀಲ್ ಸೈಕಲ್ ಟ್ರಸ್ಟ್ ಎಂದಾಗಿದೆ. 1995ರಲ್ಲಿ ಲಾಟರಿ ನಿಧಿಯಿಂದ ಸಿಕ್ಕ 4.35 ಕೋಟಿ ಪೌಂಡ್ ಹಣದಿಂದ ದೇಶದ ತುಂಬ ಸೈಕಲ್ ಜಾಲ ಹಬ್ಬಿತು. 2018ರಲ್ಲಿ ಸಂಸ್ಥೆ ಆ ಜಾಲವನ್ನು ತಾನೇ ಪೂರ್ತಿ ಪರಿಶೀಲಿಸಿ ವರದಿ ಪ್ರಕಟಿಸಿತು. ಆಗ ಜಾಲದ ಉದ್ದ 16 ಸಾವಿರ ಮೈಲಿಗೂ ಹೆಚ್ಚಿತ್ತು. ಅದರ ಮೇಲೆ ಸಿಕ್ಕ ತಡೆಗಳು 16 ಸಾವಿರಕ್ಕೂ ಹೆಚ್ಚು. ಅಂದಾಜು ಮೈಲಿಗೊಂದು! ಇವನ್ನೆಲ್ಲ ತೆಗೆಯುತ್ತೇವೆ ಇಲ್ಲವೇ ಬದಲಿಸುತ್ತೇವೆ ಎಂದು ಸಂಸ್ಥೆ ಮಾತು ಕೊಟ್ಟಿತು. ಕೆಲಸ ನಡೆದಿದೆ, ಆಮೆಯ ವೇಗದಲ್ಲಿ.

ಈ ತಡೆಗಳಲ್ಲಿ ಬಗೆಬಗೆ. ಕೆಲವು ಕಡೆ ಎರಡು ದಪ್ಪ ಉಕ್ಕಿನ ಕಂಬಗಳು ಮೇಲೆ ಹೋಗುತ್ತ ಒಂದರತ್ತ ಒಂದು ವಾಲಿರುತ್ತವೆ. ಗಾಲಿಯ ಮಟ್ಟದಲ್ಲಿ ಜಾಗ ಇರುತ್ತದೆ, ಹ್ಯಾಂಡಲ್ಲಿನ ಮಟ್ಟದಲ್ಲಿ ಇರುವುದಿಲ್ಲ. ಇಂಗ್ಲಿಷಿನ ಎ ಅಕ್ಷರದ ಆಕಾರವಾದ್ದರಿಂದ ಇದಕ್ಕೆ ಎ-ಫ್ರೇಮ್ ಎನ್ನುತ್ತಾರೆ. ಕೆಲವು ಕಡೆ ದಾರಿಗೆ ಅಡ್ಡಲಾಗಿ ಎಡದಿಂದ ಒಂದು ಕಟಾಂಜನ, ಎರಡು ಹೆಜ್ಜೆ ಬಿಟ್ಟು ಬಲದಿಂದ ಇನ್ನೊಂದು. ನಡುವೆ ಹಾವಿನಂತೆ ಹೊರಳಿ ಹೋಗಬೇಕು. ಉದ್ದ ಗಾಡಿಗಳು ಹೊರಳುವುದಿಲ್ಲ. ಇನ್ನು ಕೆಲವೆಡೆ ಪಕ್ಕದಲ್ಲೊಂದು ಬೀಗ ಹಾಕಿದ ಗೇಟು. ಅಂಗವಿಕಲರ ಶೌಚಾಲಯಗಳಿಗೆಂದು ದೇಶಕ್ಕೆಲ್ಲ ಒಂದೇ ಇರುವ ರಾಡಾರ್ ಕೀಲಿಯಿಂದ ಅದನ್ನು ತೆರೆಯಬಹುದು. ಕೇಳಲು ಅನುಕೂಲ ಅನ್ನಿಸುತ್ತದೆ. ಸೈಕಲ್ಲಿನಿಂದ ಇಳಿಯಬೇಕು, ಊದಿಕೊಂಡ ಬೆರಳಿನಿಂದ ತುಕ್ಕು ಹಿಡಿದ ಬೀಗ ತಿರುಗಿಸಬೇಕು, ಸ್ಪ್ರಿಂಗಿನ ಗೇಟನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸೈಕಲ್ ಎಳೆಯಬೇಕು, ಮತ್ತೆ ಬೀಗ ಹಾಕಬೇಕು. ಮಳೆಯಲ್ಲಿ. ಮ್ಯಾಂಚೆಸ್ಟರ್ ಸೀಮೆಯಲ್ಲಿ ಮಳೆ ಇಲ್ಲದ ದಿನವನ್ನು ಹುಡುಕಬೇಕು.

ಯಾರು ಆಚೆ ಉಳಿಯುತ್ತಾರೆ ಎಂಬುದಕ್ಕೆ ನಮ್ಮ ಗುಂಪೇ ಸಾಕ್ಷಿ. ಒಬ್ಬರು ನಿವೃತ್ತ ಬಸ್ ಚಾಲಕ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡು ಬ್ಯಾಟರಿ ಸ್ಕೂಟರಿನಲ್ಲಿ ಓಡಾಡುವವರು. ಇನ್ನೊಬ್ಬಾಕೆ ಮುಂದೆ ದೊಡ್ಡ ಪೆಟ್ಟಿಗೆ ಇರುವ ಸೈಕಲ್ಲಿನಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಬಿಡುವ ತಾಯಿ. ಕಣ್ಣು ಕಾಣದ ಹಿರಿಯರೊಬ್ಬರು ಮಗನ ಜೊತೆ ಜೋಡಿ ಸೀಟಿನ ಸೈಕಲ್ಲಿನಲ್ಲಿ ಹಿಂದೆ ಕೂತು ತುಳಿಯುತ್ತಾರೆ. ಅವಳಿಜವಳಿ ಮಕ್ಕಳ ಅಗಲವಾದ ತಳ್ಳುಗಾಡಿಯ ಅಜ್ಜಿ ಒಬ್ಬರಿದ್ದಾರೆ. ಅವರಿಗೂ ಸೈಕಲ್ಲಿಗೂ ಸಂಬಂಧವೇ ಇಲ್ಲ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರಿದಾಗ ಇಷ್ಟು ಜನರನ್ನು ಒಟ್ಟಿಗೆ ತಂದದ್ದು ಏನು ಎಂದು ನೋಡಿದರೆ ಆ ಒಂದು ಚೌಕಟ್ಟು. ಅದರ ಪಕ್ಕದ ಹಲಗೆಯಲ್ಲಿ ‘ಸೈಕಲ್ ಸವಾರರು ಇಳಿದು ತಳ್ಳಿ’ ಎಂದು ಬರೆದಿದೆ. ಇಳಿಯಲಾಗದ ಸವಾರರೂ ಇರುತ್ತಾರೆಂಬುದು ಹಲಗೆ ಬರೆಸಿದವರಿಗೆ ಹೊಳೆದಿರಲಿಕ್ಕಿಲ್ಲ.

ತಡೆ ಬೇಕು ಎನ್ನುವವರನ್ನು ಕೆಟ್ಟವರೆಂದು ನಾನು ತಿಳಿದಿಲ್ಲ. ದಾರಿಗೆ ಬೆನ್ನು ಮಾಡಿರುವ ಮನೆಯ ಮುದುಕರೊಬ್ಬರು ನಮ್ಮ ಸಭೆಗಳಿಗೆ ತಪ್ಪದೆ ಬಂದು ತಪ್ಪದೆ ವಿರೋಧಿಸುತ್ತಾರೆ. ಈ ಭಾಗದ ಹಿರಿಯರು ಪರಿಚಯವಿರಲಿ ಇಲ್ಲದಿರಲಿ ಎಲ್ಲರನ್ನೂ ‘ಲವ್’ ಎಂದೇ ಕರೆಯುವುದು. “ನೋಡು ಲವ್, ನಿನ್ನ ಕಷ್ಟ ನನಗೆ ಗೊತ್ತಾಗುತ್ತದೆ. ಆದರೆ ಬೇಸಿಗೆಯ ಸಂಜೆ ಆ ಹುಡುಗರು ಮುಖ ಮುಚ್ಚಿಕೊಂಡು ಬೈಕಿನಲ್ಲಿ ನುಗ್ಗುವುದನ್ನು ನೀನು ನನ್ನ ಹಿತ್ತಲಿನಲ್ಲಿ ನಿಂತು ನೋಡಬೇಕು. ನನ್ನ ನಾಯಿ ಒಂದು ಸಲ ಗಾಲಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು” ಎಂದರು. ಅವರ ಭಯ ನಿಜವಾದದ್ದು. ನಂಬರ್ ಪ್ಲೇಟಿಲ್ಲದ ಬೈಕು, ವಿಮೆ ಇಲ್ಲ, ಲೈಸೆನ್ಸ್ ಇಲ್ಲ, ತಲೆಗೆ ಮುಸುಕು. ಪೊಲೀಸರಿಗೆ ಫೋನು ಮಾಡಿದರೆ ಬರುವಷ್ಟರಲ್ಲಿ ಸದ್ದು ಕೂಡ ಉಳಿದಿರುವುದಿಲ್ಲ. ಇಂಥ ಜಾಗದಲ್ಲಿ ಊರಿನ ಆಡಳಿತ ನೋಡಿಕೊಳ್ಳುವ ಕೌನ್ಸಿಲ್ಲಿನವರು ಏನಾದರೂ ಮಾಡಿ ತೋರಿಸಬೇಕಲ್ಲ. ಕಬ್ಬಿಣ ಕಣ್ಣಿಗೆ ಕಾಣುತ್ತದೆ. ನೆಟ್ಟು ಫೋಟೊ ತೆಗೆಸಿದರೆ ಕೆಲಸ ಮುಗಿಯಿತು.

ಆದರೆ ಮುಗಿದದ್ದು ದೂರು ಮಾತ್ರ, ಬೈಕಲ್ಲ. ಆ ಮುದುಕರ ಹಿತ್ತಲಿಂದ ನೂರು ಹೆಜ್ಜೆಗೆ ಒಂದು ಎ-ಫ್ರೇಮ್ ಇದೆ. ಅದರ ಪಕ್ಕದ ಮರದ ಬೇಲಿಯ ಹಲಗೆಗಳು ಎಷ್ಟು ಸಲ ಹೊಡೆದು ಕೂಡಿಸಿದರೂ ಮತ್ತೆ ಕಿತ್ತಿರುತ್ತವೆ. ಬೈಕು ಬರುವುದು ಆ ಸಂದಿಯಿಂದ. ಈಚೆಗೆ ಬಂದಿರುವ ವಿದ್ಯುತ್ ಬೈಕುಗಳನ್ನಂತೂ ಇಬ್ಬರು ಹುಡುಗರು ಎತ್ತಿ ಆಚೆ ಇಡುತ್ತಾರೆ. ಕಾನೂನು ಮುರಿಯಲು ಹೊರಟವನಿಗೆ ವಯಸ್ಸಿದೆ, ತೋಳಿದೆ, ಸ್ಕ್ರೂಡ್ರೈವರ್ ಇದೆ, ಬೇರೆ ದಾರಿ ಹುಡುಕುವ ಪುರಸೊತ್ತಿದೆ. ಇದ್ಯಾವುದೂ ಇಲ್ಲದೆ ಅಲ್ಲೇ ನಿಂತು ವಾಪಸಾಗುವುದು ಬಸ್ ಚಾಲಕರ ಸ್ಕೂಟರ್. ಇನ್ನೊಂದು ಪರಿಣಾಮವೂ ಇದೆ. ಮಕ್ಕಳೊಂದಿಗರು, ವಯಸ್ಸಾದವರು ದಾರಿ ಬಿಟ್ಟಷ್ಟೂ ದಾರಿ ಬಿಕೋ ಎನ್ನುತ್ತದೆ, ಬಿಕೋ ಎಂದಷ್ಟೂ ಬೈಕಿನವರಿಗೆ ಹಬ್ಬ. ಜನ ತುಂಬಿದ ದಾರಿಯಲ್ಲಿ ಗುರುತು ಹಿಡಿಯುವ ಕಣ್ಣುಗಳಿರುತ್ತವೆ.

ಸೈಕಲ್ಲಿನ ತವರು ಎನಿಸಿಕೊಂಡ ನೆದರ್ಲೆಂಡ್ಸ್‌ನಲ್ಲಿ ತೊಂದರೆ ಇನ್ನೊಂದು ರೀತಿಯದು. ಕಾರು ನುಗ್ಗದಿರಲಿ ಎಂದು ಸೈಕಲ್ ದಾರಿಯ ಮಧ್ಯೆ ನೆಟ್ಟ ಗಿಡ್ಡ ಕಂಬಗಳಿಗೆ ಗುದ್ದಿಕೊಂಡು ಬಿದ್ದು ಗಾಯಗೊಳ್ಳುವವರು, ಅದರಲ್ಲೂ ಮುದುಕರು, ಅಲ್ಲಿ ಬಹಳ. ಗುಂಪಾಗಿ ಹೋಗುವಾಗ ಮುಂದಿನವರ ಬೆನ್ನಿಗೆ ಕಂಬ ಮರೆಯಾಗಿರುತ್ತದೆ. ಹಾಗಾಗಿ ಕಂಬ ನಿಜವಾಗಿ ಬೇಕೇ, ಬೇಡವಾದರೆ ತೆಗೆಯಿರಿ ಎಂದು ಅಲ್ಲಿಯ ತಜ್ಞರೇ ನಗರಸಭೆಗಳಿಗೆ ಕ್ರಮಬದ್ಧ ಮಾರ್ಗಸೂಚಿ ಮಾಡಿಕೊಟ್ಟಿದ್ದಾರೆ. ಎಲ್ಲಿ ಸೈಕಲ್ ಬದುಕಿನ ಭಾಗವೋ ಅಲ್ಲಿ ‘ಇರಲಿ ಬಿಡಿ, ಒಂದು ಕಂಬ ತಾನೇ’ ಎನ್ನುವುದಿಲ್ಲ.

ಇಂಗ್ಲೆಂಡಿನಲ್ಲಿ ಕಾನೂನಿಗೆ ಕೊರತೆಯಿಲ್ಲ. 2010ರ ಸಮಾನತೆ ಕಾಯ್ದೆಯ ಪ್ರಕಾರ ಸೇವೆ ಕೊಡುವವರು ಅಂಗವಿಕಲರಿಗೆ ಅಡ್ಡಿಯಾಗುವಂಥದ್ದನ್ನು ಮುಂಚಿತವಾಗಿಯೇ ಊಹಿಸಿ ತಕ್ಕಮಟ್ಟಿನ ಮಾರ್ಪಾಡು ಮಾಡಬೇಕು. ಒಬ್ಬರು ಬಂದು ಅತ್ತು ಹೇಳಲಿ ಎಂದು ಕಾಯುವಂತಿಲ್ಲ. 2020ರ ಜುಲೈಯಲ್ಲಿ ಸಾರಿಗೆ ಇಲಾಖೆ ಹೊರಡಿಸಿದ ಸೈಕಲ್ ದಾರಿ ವಿನ್ಯಾಸದ ಟಿಪ್ಪಣಿ ಇನ್ನೂ ಖಡಕ್ಕಾಗಿದೆ. 2.8 ಮೀಟರ್ ಉದ್ದ, 1.2 ಮೀಟರ್ ಅಗಲದ ಸೈಕಲ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ದಾರಿ ಮಾಡಬೇಕು. ಆ ಅಳತೆಯದ್ದು ದಾಟಲಾಗದ, ಸವಾರರು ಇಳಿಯಲೇಬೇಕಾದ ತಡೆಯನ್ನು ಹಾಕಬಾರದು. ಕಂಬ ಬೇಕೇಬೇಕೆಂದರೆ ನಡುವೆ ಒಂದೂವರೆ ಮೀಟರ್ ಜಾಗ ಬಿಡಬೇಕು. ಮೋಟಾರ್‌ಬೈಕಿನ ಕಾಟ ಸತತವಾಗಿದ್ದು, ಆಗಾಗ್ಗೆ ಪೊಲೀಸ್ ಗಸ್ತು ಹಾಕಿದರೂ ನಿಲ್ಲದಿದ್ದರೆ ಮಾತ್ರ ತಡೆಯ ಮಾತು. ಇನ್ನೊಂದೆಡೆ 2002ರ ಪೊಲೀಸ್ ಸುಧಾರಣಾ ಕಾಯ್ದೆಯ 59ನೇ ಕಲಮು ಹಾವಳಿ ಮಾಡುವ ವಾಹನವನ್ನು ಜಪ್ತಿ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದೆ.

ಇಷ್ಟಿದ್ದೂ ಹಳೆಯ ಕಬ್ಬಿಣ ಯಾಕೆ ನಿಂತೇ ಇದೆ? ಟಿಪ್ಪಣಿ ಹೊಸ ಕಾಮಗಾರಿಗೆ ಹಣ ಕೊಡುವಾಗ ಕಣ್ಣು ತೆರೆಯುತ್ತದೆ; ಮೂವತ್ತು ವರ್ಷದ ಹಿಂದೆ ನೆಟ್ಟದ್ದನ್ನು ತಾನಾಗಿ ಹೋಗಿ ಕೀಳುವುದಿಲ್ಲ. ನಮ್ಮ ಕೌನ್ಸಿಲ್ಲಿನಲ್ಲಿ ಕೇಳಿದರೆ ಎಷ್ಟು ತಡೆಗಳಿವೆ ಎಂಬ ಪಟ್ಟಿಯೇ ಇರಲಿಲ್ಲ. ಹಾಗಾಗಿ ನಾವೇ ಪಟ್ಟಿ ಮಾಡಿದೆವು. ಚಳವಳಿ ಎಂದರೆ ಘೋಷಣೆ, ಮೆರವಣಿಗೆ ಎಂದುಕೊಂಡು ಬಂದವರಿಗೆ ನಮ್ಮ ಕೆಲಸ ನೀರಸ ಅನ್ನಿಸಬಹುದು. ರವಿವಾರ ಬೆಳಿಗ್ಗೆ ಇಬ್ಬಿಬ್ಬರಾಗಿ ಹೋಗಿ ಒಂದೊಂದು ತಡೆಯ ಅಗಲವನ್ನು ನೆಲಮಟ್ಟದಲ್ಲಿ, ಮೊಣಕಾಲಿನ ಮಟ್ಟದಲ್ಲಿ, ಹ್ಯಾಂಡಲ್ಲಿನ ಮಟ್ಟದಲ್ಲಿ ಅಳೆಯುವುದು, ಟೇಪು ಕಾಣುವ ಹಾಗೆ ಫೋಟೊ ತೆಗೆಯುವುದು, ಜಾಗ ಯಾರದು ಎಂದು ಬರೆದಿಡುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ನೆಲ ಒಂದು ಟ್ರಸ್ಟಿನದು, ಕಂಬ ನೆಟ್ಟದ್ದು ಕೌನ್ಸಿಲ್, ಪಕ್ಕದ ಕಾಲುವೆ ಇನ್ನೊಬ್ಬರದು, ಬೇಲಿ ರೈತನದು. ಒಬ್ಬರನ್ನು ಕೇಳಿದರೆ ಇನ್ನೊಬ್ಬರತ್ತ ಬೆರಳು. ಧಾರವಾಡದ ಕಚೇರಿಗಳಲ್ಲಿ ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ ಓಡಾಡಿ ಬೆಳೆದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ, ಇಲ್ಲಿಯವರಿಗೆ ಆಶ್ಚರ್ಯವಾಯಿತು.

ಪಟ್ಟಿ ಕೈಗೆ ಬಂದ ಮೇಲೆ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅರ್ಜಿ ಹಾಕಿದೆವು. ಇಪ್ಪತ್ತು ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕೆಂಬುದು ಇಲ್ಲಿಯ ನಿಯಮ. ನಾವು ಕೇಳಿದ್ದು ಸರಳ. ಈ ತಡೆಯನ್ನು ಯಾವಾಗ ಹಾಕಿದಿರಿ? ಯಾವ ದೂರಿನ ಮೇಲೆ? ಹಾಕಿದ ಮೇಲೆ ದೂರು ಕಡಿಮೆಯಾಯಿತೇ? ಅಂಗವಿಕಲರ ಮೇಲೆ ಆಗುವ ಪರಿಣಾಮವನ್ನು ಪರಿಶೀಲಿಸಿದ ಕಾಗದ ಎಲ್ಲಿ? ಬಹುತೇಕ ತಡೆಗಳ ಎದುರು ಬಂದ ಉತ್ತರ ಒಂದೇ: ದಾಖಲೆ ಲಭ್ಯವಿಲ್ಲ. ಯಾರು ಯಾಕೆ ನೆಟ್ಟರೆಂದು ಯಾರಿಗೂ ಗೊತ್ತಿಲ್ಲ. ಆದರೆ ಅದನ್ನು ತೆಗೆಯಬೇಕೆಂದರೆ ನಾವು ಸಮೀಕ್ಷೆ ಮಾಡಿಸಬೇಕು, ನೆರೆಹೊರೆಯವರ ಒಪ್ಪಿಗೆ ತರಬೇಕು, ಪೊಲೀಸರ ಅಭಿಪ್ರಾಯ ತರಬೇಕು, ತೆಗೆದರೆ ಬೈಕಿನ ಕಾಟ ಹೆಚ್ಚುವುದಿಲ್ಲವೆಂದು ರುಜುವಾತು ಮಾಡಬೇಕು. ಹಾಕುವಾಗ ಕಾಗದವೇ ಬೇಡ, ತೆಗೆಯುವಾಗ ಕಡತದ ಕಟ್ಟು. ನನ್ನ ತಕರಾರು ಇರುವುದೇ ಇಲ್ಲಿ.

ಔಷಧದ ಕೆಲಸ ಮಾಡುವವಳಾಗಿ ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಾನು ಕೊಡುವ ಒಂದು ಗುಳಿಗೆಗೂ ಬರೆದುಕೊಟ್ಟವರ ಹೆಸರಿರುತ್ತದೆ, ಕಾರಣವಿರುತ್ತದೆ, ಅಡ್ಡಪರಿಣಾಮದ ಚೀಟಿ ಇರುತ್ತದೆ, ಅವಧಿ ಮುಗಿಯುವ ದಿನಾಂಕ ಇರುತ್ತದೆ. ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆ. ಮುಂದುವರಿಸಬೇಕೆನ್ನುವ ವೈದ್ಯರು ಕಾರಣ ಹೇಳಬೇಕೇ ಹೊರತು ನಿಲ್ಲಿಸಿ ಎನ್ನುವ ರೋಗಿಯಲ್ಲ. ಸಾರ್ವಜನಿಕ ದಾರಿಗೆ ಅಡ್ಡಲಾಗಿ ಕಬ್ಬಿಣ ನೆಡುವವರಿಗೂ ಅದೇ ಶಿಸ್ತು ಇರಲಿ. ಯಾರು ಮಂಜೂರು ಮಾಡಿದರು, ಯಾವ ತೊಂದರೆಗಾಗಿ, ಯಾರ ಓಡಾಟಕ್ಕೆ ಅಡ್ಡಿಯಾಗುತ್ತದೆ, ಮತ್ತೆ ಯಾವಾಗ ಪರಿಶೀಲನೆ, ಇಷ್ಟನ್ನು ಬರೆದಿಡಲಿ. ಆ ದಿನಾಂಕ ಬಂದಾಗ ಪ್ರಯೋಜನವಾಗಿದೆಯೆಂದು ತೋರಿಸಲಾಗದಿದ್ದರೆ ತಡೆ ತಾನಾಗಿ ಹೋಗಬೇಕು. ದಾಖಲೆಯೇ ಇಲ್ಲದ ಹಳೆಯವುಗಳ ಅವಧಿ ಇವತ್ತೇ ಮುಗಿದಿದೆ ಎಂದು ತಿಳಿಯಬೇಕು.

ನಮ್ಮ ಪಟ್ಟಿ, ಬಂದ ಉತ್ತರ, ಜೊತೆಗೆ ಸಮಾನತೆ ಕಾಯ್ದೆಯ 20ನೇ ಮತ್ತು 149ನೇ ಕಲಮುಗಳನ್ನು ಹೆಸರಿಸಿದ ಒಂದು ಪತ್ರ, ಇಷ್ಟನ್ನು ಕೌನ್ಸಿಲ್ಲಿಗೆ ಕಳಿಸಿದೆವು. ಆ ತನಕ ‘ನಿಮ್ಮ ಕಾಳಜಿಗೆ ಧನ್ಯವಾದ’ ಎನ್ನುತ್ತಿದ್ದವರು ಜಾಗಕ್ಕೆ ಬಂದರು. ಬಂದ ಅಧಿಕಾರಿ ಸಜ್ಜನರು. ಸ್ಕೂಟರಿನ ಹಿರಿಯರು ಎ-ಫ್ರೇಮಿನ ಎದುರು ನಿಂತು, “ನನ್ನ ತಂಗಿಯ ಮನೆ ಅಗೋ ಅಲ್ಲಿ ಕಾಣುತ್ತದಲ್ಲ, ಅಲ್ಲಿಗೆ ಹೋಗಲು ನಾನು ಮುಖ್ಯರಸ್ತೆ ಸುತ್ತಿ ಒಂದೂವರೆ ಮೈಲಿ ಹೋಗುತ್ತೇನೆ” ಎಂದಷ್ಟೇ ಹೇಳಿದರು. ಅಧಿಕಾರಿ ಬರೆದುಕೊಂಡರು. ಮುಂದಿನ ವರ್ಷದ ಬಜೆಟ್ಟಿನಲ್ಲಿ ಕೆಲವು ತಡೆಗಳು ಹೋದವು. ಅವುಗಳ ಜಾಗಕ್ಕೆ ಒಂದೂವರೆ ಮೀಟರ್ ಅಂತರದ ಕಂಬಗಳು ಬಂದವು. ಉಳಿದವು ಹಾಗೇ ಇವೆ. ತೆಗೆದ ಕಡೆ ಬೈಕು ಬರುವುದು ನಿಂತಿತೇ ಎಂದರೆ ನಿಂತಿಲ್ಲ. ಹೆಚ್ಚಾಯಿತೇ ಎಂದರೆ ಅದೂ ಇಲ್ಲ. ಮೊದಲಿನಂತೆ ಬೇಸಿಗೆಯ ಸಂಜೆ ಒಮ್ಮೊಮ್ಮೆ ಬರುತ್ತದೆ. ಹಿತ್ತಲಿನ ಮುದುಕರು ಈಗಲೂ ನಮ್ಮ ಜೊತೆ ಒಪ್ಪಿಲ್ಲ. ಆದರೆ ಪೊಲೀಸ್ ಗಸ್ತಿಗಾಗಿ ಬರೆದ ಮನವಿಗೆ ಅವರು, ನಾವು ಒಟ್ಟಿಗೆ ಸಹಿ ಹಾಕಿದ್ದೇವೆ. ಅವರಿಗೆ ಬೇಕಾದದ್ದು ಬೈಕಿನಿಂದ ಬಿಡುಗಡೆ, ಕಬ್ಬಿಣವಲ್ಲ ಎಂಬುದು ನಮಗೆ ಮೊದಲಿನಿಂದ ಗೊತ್ತಿತ್ತು.

ಇಂಗ್ಲೆಂಡಿನ ಈ ಪಂಚಾಯಿತಿಯನ್ನು ಕನ್ನಡ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ಬೆಂಗಳೂರಿನಲ್ಲಿ, ಈಗೀಗ ಹುಬ್ಬಳ್ಳಿ-ಧಾರವಾಡದಲ್ಲೂ, ಫುಟ್‌ಪಾತ್ ಶುರುವಾಗುವಲ್ಲಿ ಗಿಡ್ಡ ಕಂಬಗಳ ಸಾಲು ಕಾಣುತ್ತೇನೆ. ದ್ವಿಚಕ್ರ ವಾಹನಗಳು ಹತ್ತದಿರಲಿ ಎಂಬುದು ಉದ್ದೇಶ. ಅಳತೆಯ ಲೆಕ್ಕ ನಮ್ಮಲ್ಲಿ ಇನ್ನೂ ನಿಷ್ಠುರ. ಸಾಮಾನ್ಯ ಸ್ಕೂಟರೊಂದರ ಅಗಲ ಸುಮಾರು 70 ಸೆಂ.ಮೀ.; ಗಾಲಿಕುರ್ಚಿ ಅದಕ್ಕಿಂತ ಒಂದಿಷ್ಟೇ ಕಡಿಮೆ, ಅದನ್ನು ಕೈಯಿಂದ ನೂಕಿಕೊಳ್ಳಲು ಮೊಣಕೈಗೆ ಜಾಗ ಬೇಕೆಂದರೆ ಹೆಚ್ಚೇ. ಕಾನ್ಪುರದ ಅಲಿಮ್ಕೊ ಸಂಸ್ಥೆ ತಯಾರಿಸಿ ಸರ್ಕಾರ ಸಮಾರಂಭ ಮಾಡಿ ಹಂಚುವ, ಕೈಯಿಂದ ತಿರುಗಿಸುವ ತ್ರಿಚಕ್ರ ಸೈಕಲ್ ಅಂತೂ ಸ್ಕೂಟರಿಗಿಂತ ಅಗಲ. ಒಂದು ಇಲಾಖೆ ವೇದಿಕೆಯ ಮೇಲೆ ತ್ರಿಚಕ್ರ ಕೊಡುತ್ತದೆ. ಇನ್ನೊಂದು ಇಲಾಖೆ ಅದು ಫುಟ್‌ಪಾತ್ ಹತ್ತದಂತೆ ಕಂಬ ನೆಡುತ್ತದೆ. ಊರಿಗೆ ಬಂದಾಗ ಉದ್ಯಾನವೊಂದರ ತಿರುಗುಗೇಟಿನ ಎದುರು ಕೋಲು ಹಿಡಿದು ನಿಂತು, ಅಣ್ಣ ಒಳಗೆ ಹೋಗಿ ಬರಲಿ ಎಂದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೇನೆ. ದನ ಬರಬಾರದೆಂದು ಹಾಕಿದ್ದಂತೆ.

ಮುಂಬೈಯಲ್ಲಿ ಇದೇ ಸಂಗತಿ ನ್ಯಾಯಾಲಯ ಮುಟ್ಟಿದೆ. ಫುಟ್‌ಪಾತಿನ ಕಂಬಗಳ ನಡುವೆ ಗಾಲಿಕುರ್ಚಿ ತೂರುವುದಿಲ್ಲ ಎಂದು ಗಾಲಿಕುರ್ಚಿ ಬಳಸುವ ನಾಗರಿಕರೊಬ್ಬರು ಬರೆದ ಇ-ಮೇಲನ್ನೇ ಬಾಂಬೆ ಹೈಕೋರ್ಟ್ 2023ರಲ್ಲಿ ಸ್ವಯಂಪ್ರೇರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಕೈಗೆತ್ತಿಕೊಂಡು ಪಾಲಿಕೆಯನ್ನು ಪ್ರಶ್ನಿಸಿತು. ಅಂಗವಿಕಲರ ಹಕ್ಕುಗಳ ಕಾಯ್ದೆ ನಮ್ಮಲ್ಲಿ 2016ರಿಂದ ಇದೆ. ಅಂಗವಿಕಲರೂ ಬಳಸಬಹುದಾದ, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಕಾಗದದ ಮೇಲೆ ನಾವೂ ಇಂಗ್ಲೆಂಡಿಗಿಂತ ಹಿಂದಿಲ್ಲ.

‘ಕಂಬ ಕಿತ್ತರೆ ಬೆಂಗಳೂರಿನ ಫುಟ್‌ಪಾತು ಎರಡನೇ ರಸ್ತೆಯಾಗುತ್ತದೆ’ ಎಂಬ ಮಾತನ್ನು ಅಲ್ಲಗಳೆಯುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಸಾಲು ಉದ್ದವಾದಷ್ಟೂ ಸ್ಕೂಟರುಗಳು ಫುಟ್‌ಪಾತ್ ಹತ್ತುವುದನ್ನು ನಾನೂ ಕಂಡಿದ್ದೇನೆ; ಕೋಲು ಹಿಡಿದವಳು ಪಕ್ಕಕ್ಕೆ ಸರಿಯಲಿ ಎಂದು ಹಾರ್ನು ಬೇರೆ. ಆದರೆ ಇಲ್ಲಿಗೂ ಅಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನನ್ನ ರೈಲುಹಾದಿಗೆ ನುಗ್ಗುವವನಿಗೆ ಮುಖವೂ ಇಲ್ಲ, ನಂಬರ್ ಪ್ಲೇಟೂ ಇಲ್ಲ. ಬೆಂಗಳೂರಿನಲ್ಲಿ ಫುಟ್‌ಪಾತ್ ಹತ್ತುವವನು ಆಫೀಸಿಗೆ ಹೊರಟ ಸಭ್ಯ ಮನುಷ್ಯ. ಅವನ ಹಿಂದೆ ನಂಬರ್ ಪ್ಲೇಟಿದೆ, ಅದರ ಹಿಂದೆ ವಿಳಾಸವಿದೆ, ದಂಡದ ಸಂದೇಶ ಬಂದು ಬೀಳುವ ಮೊಬೈಲ್ ಇದೆ. ಫುಟ್‌ಪಾತಿನ ಮೇಲೆ ವಾಹನ ಓಡಿಸಬಾರದೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ. ಸಾರ್ವಜನಿಕರು ತೆಗೆದ ಫೋಟೊ ಆಧರಿಸಿ ದಂಡ ಹಾಕಲು ಬೆಂಗಳೂರು ಸಂಚಾರ ಪೊಲೀಸರು ಪಬ್ಲಿಕ್ ಐ ಎಂಬ ಆ್ಯಪ್ ತಂದು ಹತ್ತು ವರ್ಷ ದಾಟಿತು. ಇಂಗ್ಲೆಂಡಿನ ಪೊಲೀಸರಿಗಿಲ್ಲದ ಅನುಕೂಲ ನಮ್ಮವರಿಗಿದೆ. ದಂಡ ಹಾಕಬೇಕಾದ ಕಡೆ ಕಂಬ ನೆಟ್ಟರೆ ಪೊಲೀಸರ ಕೆಲಸ ತಪ್ಪುತ್ತದೆ, ಬೆಲೆ ತೆರುವುದು ಗಾಲಿಕುರ್ಚಿಯವರು.

ಹಾಗಾಗಿ ಬೆಂಗಳೂರಿನ ಐದೂ ಪಾಲಿಕೆಗಳಿಗೆ, ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ನನ್ನ ಬೇಡಿಕೆ ಇಷ್ಟು. ಒಂದು, ಫುಟ್‌ಪಾತ್, ಉದ್ಯಾನ, ಕೆರೆಯಂಗಳದ ಬಾಗಿಲಲ್ಲಿರುವ ಪ್ರತಿ ಕಂಬ, ತಿರುಗುಗೇಟಿನ ಪಟ್ಟಿ ಮಾಡಿ ಅಗಲದ ಸಮೇತ ಪ್ರಕಟಿಸಲಿ. ಎರಡು, ತ್ರಿಚಕ್ರ ಸೈಕಲ್ ಸಲೀಸಾಗಿ ದಾಟುವಷ್ಟು ಸಂದು ಪ್ರತಿ ಪ್ರವೇಶದಲ್ಲೂ ಒಂದಾದರೂ ಇರಲಿ. ಆ ಸಂದಿನಲ್ಲಿ ಸ್ಕೂಟರ್ ನುಗ್ಗಿದರೆ ದಂಡ ಬೀಳಲಿ. ಮೂರು, ಹೊಸ ತಡೆಗೆ ಮಂಜೂರಾತಿ ಕೊಡುವ ಎಂಜಿನಿಯರರ ಹೆಸರು, ಕಾರಣ, ಮರುಪರಿಶೀಲನೆಯ ದಿನಾಂಕ ಇಲ್ಲದೆ ಗುತ್ತಿಗೆದಾರರ ಬಿಲ್ಲು ಪಾಸಾಗದಿರಲಿ.

ಇದು ಆಗುವ ತನಕ ಓದುಗರು ಸುಮ್ಮನೆ ಕೂರಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕಿದರೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ನಿಮ್ಮ ಬೀದಿಯ ಒಂದೇ ಒಂದು ತಡೆಯ ಬಗ್ಗೆ ಕೇಳಿ: ಯಾವಾಗ, ಯಾರ ಆದೇಶದಿಂದ, ಯಾವ ತೊಂದರೆಗಾಗಿ ಹಾಕಿದಿರಿ, ಹಾಕಿದ ಮೇಲೆ ಏನಾಯಿತು? ‘ಮಾಹಿತಿ ಲಭ್ಯವಿಲ್ಲ’ ಎಂದು ಬಂದರೆ ಅದೇ ಕಾಗದವನ್ನು ಲಗತ್ತಿಸಿ, ಕಾರಣವಿಲ್ಲದ ತಡೆಯನ್ನು ತೆಗೆಯಿರಿ ಎಂದು ಮರುದಿನವೇ ವಾರ್ಡ್ ಸಮಿತಿಗೆ, ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಬರೆಯಿರಿ. ಬರೆಯುವಾಗ ನಿಮ್ಮ ಬೀದಿಯಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವವರು ಯಾರೂ ಕಾಣುವುದಿಲ್ಲವಲ್ಲ ಎಂದು ಅನುಮಾನಿಸಬೇಡಿ. ಅವರು ಕಾಣದಿರುವುದಕ್ಕೆ ಆ ಕಂಬವೂ ಒಂದು ಕಾರಣ.